ಸುಡದೆ ಕತ್ತರಿಸುವ ಕುಣಿಕೆ

ದೊಡ್ಡ ಕರುಳಿನ ಒಳಪೊರೆಯಲ್ಲಿ ಕೆಲವರಿಗೆ ಪುಟ್ಟ ಗಂಟುಗಳು ಏಳುತ್ತವೆ. ಇವೇ ಪಾಲಿಪ್‌ಗಳು. ಸಾಮಾನ್ಯವಾಗಿ ನೋವಿಲ್ಲ, ಸುಳಿವೂ ಇಲ್ಲ. ಆದರೆ ಇವುಗಳಲ್ಲಿ ಅಡಿನೋಮಾ ಎಂಬ ಬಗೆಯವು ಕೆಲವೊಮ್ಮೆ ವರ್ಷಗಟ್ಟಲೆ ಬೆಳೆದು ಕ್ಯಾನ್ಸರ್ ಆಗುತ್ತವೆ.

ಹಿಂದೆ, ಗುದದ್ವಾರದಿಂದ ತೂರಿಸುವ ನೇರ ಕೊಳವೆಗೆ ಎಟುಕದಷ್ಟು ಮೇಲಿದ್ದ ಪಾಲಿಪನ್ನು ತೆಗೆಯಲು ಹೊಟ್ಟೆಯನ್ನೇ ಕೊಯ್ಯಬೇಕಿತ್ತು. ಅದು ಬದಲಾದದ್ದು 1969ರಲ್ಲಿ, ನ್ಯೂಯಾರ್ಕಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ. ವೈದ್ಯರಾದ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವುಲ್ಫ್ ಕೊಲೊನೋಸ್ಕೋಪ್ ಎಂಬ ಬಾಗುವ ಕೊಳವೆಯೊಳಗಿಂದ ಒಂದು ತಂತಿಯ ಕುಣಿಕೆಯನ್ನು ಇಳಿಬಿಟ್ಟರು. ಪಾಲಿಪಿನ ಬುಡಕ್ಕೆ ಅದನ್ನು ತೊಡಿಸಿ, ಜೀರುಗುಣಿಕೆಯಂತೆ ಬಿಗಿದು, ವಿದ್ಯುತ್ ಹಾಯಿಸಿದರು. ಗಂಟು ತುಂಡಾಯಿತು, ರಕ್ತನಾಳವೂ ಸುಟ್ಟು ಮುಚ್ಚಿಕೊಂಡಿತು. ನನ್ನ ಮಟ್ಟಿಗೆ ವೈದ್ಯಲೋಕದ ಅತಿ ಕರುಣೆಯ ಉಪಾಯಗಳಲ್ಲಿ ಇದೂ ಒಂದು.

ಆಮೇಲೆ ಸಣ್ಣ ಪಾಲಿಪ್‌ಗಳಿಗೆಂದು ಬಿಸಿ ಚಿಮುಟ ಬಂತು. ಗಂಟನ್ನು ಕಚ್ಚಿ ಹಿಡಿದು ಸುಡುವುದು. ಅದು ಎಷ್ಟೋ ಸಲ ಬುಡವನ್ನು ಉಳಿಸುತ್ತಿತ್ತು, ಪರೀಕ್ಷೆಗೆ ಬೇಕಾದ ತುಣುಕನ್ನೂ ಕೆಡಿಸುತ್ತಿತ್ತು.

ಸುಡುವುದರಲ್ಲೇ ಒಂದು ಅಪಾಯ ಅಡಗಿತ್ತು. ಶಾಖ ಒಳಪೊರೆಯಲ್ಲಿ ನಿಲ್ಲದೆ ಕೆಳಗಿನ ದೊಡ್ಡ ರಕ್ತನಾಳಗಳವರೆಗೂ ಇಳಿಯಬಹುದು. ಕೆಲವು ದಿನಗಳ ಮೇಲೆ, ರೋಗಿ ಮನೆಯಲ್ಲಿರುವಾಗ, ಹಕ್ಕಳೆ ಕಳಚಿ ರಕ್ತ ಸುರಿಯಬಹುದು. ಅಪರೂಪಕ್ಕೆ ಕರುಳೇ ತೂತಾಗಬಹುದು.

ಹಾಗಾದರೆ ವಿದ್ಯುತ್ತೇ ಬೇಡವೆಂದರೆ? 1992ರಲ್ಲಿ ಟಪೇರೊ ಎಂಬ ವೈದ್ಯರು ಮತ್ತು ಸಂಗಡಿಗರು ಸಣ್ಣ ಪಾಲಿಪ್‌ಗಳನ್ನು ಬರೀ ತಂತಿಯ ಬಿಗಿತದಿಂದಲೇ ಕತ್ತರಿಸಿದ ಅನುಭವವನ್ನು ಪ್ರಕಟಿಸಿದರು. ಸುತ್ತ ಒಂದೆರಡು ಮಿಲಿಮೀಟರ್ ಆರೋಗ್ಯವಂತ ಪೊರೆಯನ್ನೂ ಸೇರಿಸಿ ಕತ್ತರಿಸುವ ಈ ವಿಧಾನವೇ ತಣ್ಣನೆಯ ಕುಣಿಕೆ. ರಕ್ತ ಆ ಕ್ಷಣವೇ ಜಿನುಗುತ್ತದೆ, ಸಾಮಾನ್ಯವಾಗಿ ವೈದ್ಯರ ಕಣ್ಣೆದುರೇ ತಾನಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ಅಲ್ಲೇ ಕ್ಲಿಪ್ ಹಾಕಬಹುದು.

ತೈವಾನಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ವಿದ್ಯುತ್ ಹಾಯಿಸುವ ಬಿಸಿ ಕುಣಿಕೆಯನ್ನೂ ತಣ್ಣನೆಯ ಕುಣಿಕೆಯನ್ನೂ ಎದುರುಬದುರು ಇಟ್ಟು ನೋಡಿತು. ಪಾಲಿಪ್‌ಗಳ ಗಾತ್ರ 4ರಿಂದ 10 ಮಿಲಿಮೀಟರ್. ತಡವಾದ ರಕ್ತಸ್ರಾವ ಬಿಸಿ ಕುಣಿಕೆಯವರಲ್ಲಿ ಶೇಕಡಾ 1.5, ತಣ್ಣನೆಯದರಲ್ಲಿ 0.4. ಯುರೋಪಿನ ಎಂಡೋಸ್ಕೋಪಿ ಸಂಘವಂತೂ 2017ರಲ್ಲೇ ಸಣ್ಣ ಪಾಲಿಪ್‌ಗಳಿಗೆ ತಣ್ಣನೆಯ ಕುಣಿಕೆಯನ್ನು ಶಿಫಾರಸು ಮಾಡಿ, ಬಿಸಿ ಚಿಮುಟ ಬೇಡವೆಂದಿತ್ತು. ತೀರ ಚಿಕ್ಕದಿದ್ದು ಕುಣಿಕೆ ಕೂರದಿದ್ದರೆ ತಣ್ಣನೆಯ ಚಿಮುಟ ಸಾಕು.

ಆದರೆ ದಪ್ಪ ತೊಟ್ಟಿರುವ ದೊಡ್ಡ ಪಾಲಿಪಿಗೆ ಇಂದಿಗೂ ವಿದ್ಯುತ್ ಬೇಕು. ಆ ತೊಟ್ಟಿನೊಳಗೆ ದೊಡ್ಡ ರಕ್ತನಾಳವೇ ಹರಿಯುತ್ತಿರುತ್ತದೆ. ನೀವು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕೊಲೊನೋಸ್ಕೋಪಿಗೆ ಮೊದಲೇ ವೈದ್ಯರಿಗೆ ಹೇಳಿ. ಪಾಲಿಪ್ ತೆಗೆಸಿಕೊಂಡ ಮೇಲಿನ ಎರಡು ವಾರಗಳಲ್ಲಿ ಮಲದಲ್ಲಿ ರಕ್ತ ಕಂಡರೆ ಬೆಳಗಾಗಲೆಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.