ಅಂಡಕ್ಕೆ ಹಣೆಬರಹ ಉಂಟೇ? ಸಸ್ತನಿ ಭ್ರೂಣದ ಮೊದಲ ದಿನಗಳ ಒಂದು ವಿವಾದ



ಕಪ್ಪೆಯ ಮೊಟ್ಟೆ ಎರಡಾಗಿ, ನಾಲ್ಕಾಗಿ ಸೀಳುವುದನ್ನು ಕನ್ನಡದಲ್ಲೇ ಪಾಠ ಹೇಳಿ ತಲೆಮಾರುಗಳನ್ನು ಬೆಳೆಸಿದ ಮೇಷ್ಟ್ರ ಹೆಸರಿನ ಉಪನ್ಯಾಸವಿದು. ಇದಕ್ಕೆ ನನ್ನನ್ನು ಕರೆದದ್ದು ನನಗೆ ಸಂದ ದೊಡ್ಡ ಗೌರವ.

ಕಾಂಡಕೋಶಗಳ ಮೂಲಪಾಠ ಎಲ್ಲ ಪಠ್ಯಗಳಲ್ಲೂ ಸಿಗುತ್ತದೆ, ಬೇಗ ದಾಟುತ್ತೇನೆ. 1981ರಲ್ಲಿ ಇವಾನ್ಸ್ ಮತ್ತು ಕಾಫ್‌ಮನ್ ಜೋಡಿ, ಬೇರೆಯಾಗಿ ಗೇಲ್ ಮಾರ್ಟಿನ್, ಇಲಿಯ ಭ್ರೂಣದಿಂದ ಯಾವ ಅಂಗಾಂಶವಾದರೂ ಆಗಬಲ್ಲ ಕೋಶಗಳನ್ನು ಬೆಳೆಸಿದರು. 1998ರಲ್ಲಿ ಥಾಮ್ಸನ್ ಮಾನವ ಭ್ರೂಣದಿಂದ ಪಡೆದರು. 2006ರಲ್ಲಿ ಯಮನಾಕ ನಾಲ್ಕು ಜೀನುಗಳನ್ನು ಸೇರಿಸಿ ಇಲಿಯ ಸಾಮಾನ್ಯ ಕೋಶಕ್ಕೇ ಆ ಸಾಮರ್ಥ್ಯ ತಂದರು. ಬೆಂಗಳೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡವೂ, ಬಳಸದೆ ಬಿಟ್ಟ ಮಾನವ ಭ್ರೂಣಗಳಿಂದ ಎರಡು ಕಾಂಡಕೋಶ ತಳಿಗಳನ್ನು ಪಡೆಯಿತು.

ನನ್ನನ್ನು ಬಹುಕಾಲದಿಂದ ಕಾಡಿದ್ದು ಇದಕ್ಕೂ ಹಿಂದಿನ ಪ್ರಶ್ನೆ. ಮೂರೂವರೆ ದಿನಕ್ಕೆ ಇಲಿಯ ಭ್ರೂಣ ದ್ರವ ತುಂಬಿದ ಗೋಳ. ಹೊರಪದರ ಮಾಸಿನ ಪಾಲು. ಒಂದು ಬದಿಗೆ ಕೂಡಿಕೊಂಡ ಒಳಗುಂಪಿನಿಂದ ಮರಿ. ಯಾವ ಕೋಶ ಎತ್ತ ಹೋಗಬೇಕೆಂದು ಅಂಡದಲ್ಲೇ ಬರೆದಿದೆಯೇ?

ಕಪ್ಪೆಯಲ್ಲಿ ವೀರ್ಯಾಣು ಹೊಕ್ಕ ಜಾಗವೇ ಬೆನ್ನು ಯಾವ ಕಡೆ ಎಂಬುದನ್ನು ತೀರ್ಮಾನಿಸುತ್ತದೆ. ಕಪ್ಪೆಯ ನಿಯಮವನ್ನು ಸಸ್ತನಿಗೆ ಹೇರಬೇಡಿ ಎಂದು ಮೇಷ್ಟ್ರು ಎಚ್ಚರಿಸುತ್ತಿದ್ದರು. ಆ ಎಚ್ಚರ ಎಲ್ಲರಿಗೂ ಇರಲಿಲ್ಲ. 2001ರಲ್ಲಿ ಕೇಂಬ್ರಿಜ್‌ನ ಜೆರ್ನಿಕಾ-ಗೋಟ್ಸ್ ತಂಡ ಇಲಿಭ್ರೂಣದ ಮೊದಲ ಎರಡು ಕೋಶಗಳಿಗೆ ಬೇರೆ ಬೇರೆ ಬಣ್ಣ ಹಚ್ಚಿತು. ಒಂದರ ಸಂತತಿ ಹೆಚ್ಚಾಗಿ ಒಳಗುಂಪಿರುವ ಅರ್ಧಕ್ಕೆ, ಇನ್ನೊಂದರದು ಎದುರಿನ ಅರ್ಧಕ್ಕೆ ಹೋಯಿತೆಂದು ವರದಿಯಾಯಿತು. ಫ್ರೈಬರ್ಗ್‌ನ ಹಿರಾಗಿ ಮತ್ತು ಸೋಲ್ಟರ್ ಒಪ್ಪಲಿಲ್ಲ. ಮೊದಲ ಸೀಳಿನ ದಿಕ್ಕು ಅಂಡದಲ್ಲಿ ಮೊದಲೇ ಇರುವುದಿಲ್ಲ, ತಂದೆ-ತಾಯಿಯ ಎರಡು ಕೋಶಕೇಂದ್ರಗಳು ಎದುರುಬದುರಾಗುವ ರೀತಿಯಿಂದ ಬರುತ್ತದೆ ಎಂದು 2004ರಲ್ಲಿ ತೋರಿಸಿದರು. 2007ರಲ್ಲಿ ಜಪಾನಿನ ಒಂದು ತಂಡ ಭ್ರೂಣವನ್ನು ನಿರಂತರ ಚಿತ್ರೀಕರಿಸಿ, ಗೋಳದ ಅಕ್ಷ ಕೋಶಗಳ ವಂಶಕ್ಕಲ್ಲ, ಸುತ್ತಲಿನ ಪಾರದರ್ಶಕ ಕವಚದ ಆಕಾರಕ್ಕೆ ಹೊಂದಿಕೊಳ್ಳುತ್ತದೆ ಎಂದಿತು.

ಅಕ್ಷದ ಮಟ್ಟಿಗೆ ನಾನು ಫ್ರೈಬರ್ಗ್ ಪಕ್ಷ. ಆದರೆ ಈ ಪಕ್ಷದ ಅನೇಕರು ತಾರ್ಕೋವ್ಸ್ಕಿಯವರ 1959ರ ಪ್ರಯೋಗವನ್ನು ತಪ್ಪಾಗಿ ಬಳಸುತ್ತಾರೆ. ಎರಡು ಕೋಶಗಳಲ್ಲಿ ಒಂದನ್ನು ಕೊಂದರೂ ಉಳಿದದ್ದರಿಂದ ಮರಿ ಹುಟ್ಟಿತು, ನಿಜ. ಅದು ಕೋಶಕ್ಕೆ ಏನು ಸಾಧ್ಯ ಎಂಬುದನ್ನು ಹೇಳುತ್ತದೆ. ಯಾರೂ ಕೈಹಾಕದಿದ್ದಾಗ ಅದು ಏನು ಮಾಡುತ್ತದೆ ಎಂಬುದನ್ನಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ದೊಡ್ಡ ಎಡವಟ್ಟು.

ಎದುರು ಪಕ್ಷದ ತಪ್ಪು ಇದಕ್ಕಿಂತ ಗಂಭೀರ. ನಾಲ್ಕು ಕೋಶಗಳ ಹಂತದಲ್ಲೇ ಸಾಕ್ಸ್21 ಜೀನಿನ ಚಟುವಟಿಕೆ ಕೋಶದಿಂದ ಕೋಶಕ್ಕೆ ಬೇರೆಯೆಂದು 2016ರಲ್ಲಿ ವರದಿಯಾಯಿತು. ವ್ಯತ್ಯಾಸವಿದೆ, ಒಪ್ಪೋಣ. ಆದರೆ 16 ಕೋಶಗಳ ಹಂತದಲ್ಲೂ ಹೊರಗಿನ ಕೋಶವನ್ನು ಒಳಗಿಟ್ಟರೆ ಅದು ಒಳಗಿನದಾಗಿ ಬೆಳೆಯಬಲ್ಲದು. ಹೊರಗಿರುವ ಕೋಶಕ್ಕೆ ನೆರೆಯಿಲ್ಲದ ಒಂದು ಮೈಯಿದೆ. ಅಲ್ಲಿ ಯಾಪ್ ಎಂಬ ಪ್ರೋಟೀನು ಕೋಶಕೇಂದ್ರ ಹೊಕ್ಕು ಸಿಡಿಎಕ್ಸ್2 ಜೀನನ್ನು ಎಬ್ಬಿಸುತ್ತದೆ, ಕೋಶ ಮಾಸಿನ ದಾರಿ ಹಿಡಿಯುತ್ತದೆ. ಒಳಗೆ ಎಲ್ಲ ಕಡೆಯೂ ನೆರೆ. ಹಿಪ್ಪೊ ಸಂಕೇತ ಯಾಪನ್ನು ಹೊರಗೇ ತಡೆಯುತ್ತದೆ. ಕೋಶಕ್ಕೆ ಸಿಕ್ಕ ಜಾಗವೇ ಅದರ ಮೂಲದ ಒಲವನ್ನು ಮೀರಬಲ್ಲುದಾದರೆ, ಆ ಒಲವನ್ನು ಹಣೆಬರಹವೆಂದು ಕರೆಯುವುದು ಹೇಗೆ?

2024ರಲ್ಲಿ ಮಾನವ ಭ್ರೂಣದ ಮೊದಲ ಎರಡು ಕೋಶಗಳ ಪಾಲು ಸಮವಲ್ಲ, ದೇಹದ ಮೂಲಕೋಶಗಳು ಹೆಚ್ಚಾಗಿ ಒಂದರಿಂದಲೇ ಬರುತ್ತವೆ ಎಂಬ ಪ್ರಬಂಧ ಬಂತು. ಪೂರ್ವನಿರ್ಧಾರ ಗೆದ್ದಿತೆಂದು ಕೆಲವರು ಬೀಗಿದರು. ನಾನು ಒಪ್ಪುವುದಿಲ್ಲ. ಮೊದಲಿಗೆ ಒಳಗಿಳಿಯುವ ಕೋಶಗಳೇ ಬೆರಳೆಣಿಕೆಯಷ್ಟು. ಅಷ್ಟರಲ್ಲಿ ಒಂದರ ಸಂತತಿ ಮೇಲುಗೈ ಪಡೆಯುವುದು ಸಹಜ. ಆ ಮೇಲುಗೈ ಬದಲಾಗದ ಕಟ್ಟಳೆಯೂ ಅಲ್ಲ: 1990ರಲ್ಲೇ ಲಂಡನ್ನಿನ ಹ್ಯಾಂಡಿಸೈಡ್ ತಂಡ ಎಳೆಯ ಮಾನವ ಭ್ರೂಣದಿಂದ ಒಂದು ಕೋಶ ತೆಗೆದು ಪರೀಕ್ಷಿಸಿ, ಉಳಿದದ್ದನ್ನು ಗರ್ಭಕ್ಕೆ ಸೇರಿಸಿತ್ತು, ಗರ್ಭ ನಿಂತಿತು.

ಇಲ್ಲಿರುವ ಯುವ ಸಂಶೋಧಕರಲ್ಲಿ ಒಂದು ಬೇಡಿಕೆ. ಒಂದೇ ಕೋಶದಲ್ಲಿ ಒಲವನ್ನು ಮೊದಲು ಅಳೆಯಿರಿ, ಆಮೇಲೆ ಅದರ ಜಾಗ ಬದಲಿಸಿ, ಅದರ ಸಂತತಿಯನ್ನು ಕೊನೆಯವರೆಗೂ ಹಿಂಬಾಲಿಸಿ. ಜಾಗ ಬದಲಿಸಿದ ಮೇಲೂ ಕೋಶ ತನ್ನ ಹಳೆಯ ದಾರಿಯನ್ನೇ ಹಿಡಿದರೆ ಮಾತ್ರ ಅಂಡಕ್ಕೆ ಹಣೆಬರಹ ಉಂಟೆಂದು ನಾನು ಒಪ್ಪುತ್ತೇನೆ.