ಹಿಮಾಲಯಕ್ಕೆ ಏರುವ ಮಸಿ

2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಶುರುವಾದ ಕೆಲವೇ ದಿನಗಳಲ್ಲಿ, ಪಂಜಾಬಿನ ಜಲಂಧರ್‌ನ ಜನ ಮಹಡಿ ಹತ್ತಿದರೆ ದೂರದ ಧೌಲಾಧಾರ್ ಸಾಲಿನ ಹಿಮ ಕಾಣುತ್ತಿತ್ತು. ಬೆಟ್ಟವೇನೂ ಎಲ್ಲಿಗೂ ಹೋಗಿರಲಿಲ್ಲ, ಬಿಡಿ. ನಡುವೆ ಮಬ್ಬು ಕವಿದಿತ್ತು, ಅಷ್ಟೆ.

ಆ ಮಬ್ಬಿನಲ್ಲಿರುವುದು ಥಾರ್ ಮರುಭೂಮಿಯ ದೂಳು, ವಾಹನ, ಇಟ್ಟಿಗೆಗೂಡು, ಬೆರಣಿ ಒಲೆಗಳ ಹೊಗೆ, ಸುಟ್ಟ ಗೋಧಿ ಕೂಳೆಯ ಮಸಿ. ವಿಜ್ಞಾನಿಗಳು ಒಟ್ಟಾಗಿ ಇದನ್ನು ಏರೋಸಾಲ್ ಎನ್ನುತ್ತಾರೆ. ಕಲ್ಲಿದ್ದಲ ಹೊಗೆಯಿಂದ ಹುಟ್ಟುವ ಸಲ್ಫೇಟ್ ಕಣಗಳು ತಿಳಿಬಣ್ಣದವು. ಬಿಸಿಲನ್ನು ಚದುರಿಸುತ್ತವೆ, ಒಂದು ಪಾಲನ್ನು ಮೇಲಕ್ಕೇ ಕಳಿಸುತ್ತವೆ. ಮಸಿ ಹಾಗಲ್ಲ, ಬಿಸಿಲನ್ನು ಹೀರಿ ಸುತ್ತಲಿನ ಗಾಳಿಯನ್ನು ಕಾಯಿಸುತ್ತದೆ. ಯಾವುದಿದ್ದರೂ ನೆಲಕ್ಕೆ ತಲುಪುವ ಬಿಸಿಲು ಕಡಿಮೆಯೇ. ಹಾಗಾಗಿ ಗಂಗಾ ಬಯಲಿನ ನೆಲ ಹಗಲಲ್ಲಿ ಕಾಯಬೇಕಾದಷ್ಟು ಕಾಯುವುದಿಲ್ಲ.

ಬೆಟ್ಟದ ಮೇಲೆ ಲೆಕ್ಕ ತಿರುವುಮುರುವು. ಬೇಸಿಗೆಯ ಹಗಲಲ್ಲಿ ಬಿಸಿಯಾದ ಗಾಳಿ ಕಣಿವೆ ಹಿಡಿದು ಏರುತ್ತದೆ, ಬಯಲಿನ ಹೊಗೆಯನ್ನೂ ಹೊತ್ತೊಯ್ಯುತ್ತದೆ. ಎವರೆಸ್ಟ್ ಬಳಿ 5,079 ಮೀಟರ್ ಎತ್ತರದಲ್ಲಿರುವ ಪಿರಮಿಡ್ ವೀಕ್ಷಣಾಲಯದ ಉಪಕರಣಗಳೂ ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ಈ ಮಸಿಯನ್ನು ಹಿಡಿದಿವೆ. ಅಲ್ಲಿ ಕೆಳಗಿರುವುದು ಹಿಮ. ಹೊಸದಾಗಿ ಬಿದ್ದ ಹಿಮ ನೂರಕ್ಕೆ 80–90 ಪಾಲು ಬಿಸಿಲನ್ನು ವಾಪಸು ಕಳಿಸುತ್ತದೆ. ಹಾಗೆ ಮೇಲೇರುವ ಬೆಳಕಿನಿಂದ ಗಾಳಿಯ ಮಸಿ ಇನ್ನೊಂದು ಪಾಲು ಕಿತ್ತುಕೊಳ್ಳುತ್ತದೆ. ಹಿಮದ ಮೇಲೇ ಕೂತ ಮಸಿಯಂತೂ ಕಣ್ಣಿಗೆ ಗೊತ್ತಾಗದಷ್ಟಿದ್ದರೂ ಕರಗುವಿಕೆಯನ್ನು ಚುರುಕುಗೊಳಿಸುತ್ತದೆ. ಕರಗುತ್ತ ಹಿಮದ ಹರಳುಗಳು ದಪ್ಪವಾಗುತ್ತವೆ. ದಪ್ಪ ಹರಳು ಇನ್ನಷ್ಟು ಬಿಸಿಲು ಹೀರುತ್ತದೆ. ನೀರು ಹರಿದು ಹೋದರೂ ಮಸಿಯ ಬಹುಪಾಲು ಮೇಲ್ಪದರದಲ್ಲೇ ಉಳಿಯುತ್ತದೆ.

ಮಳೆಯ ವಿಷಯಕ್ಕೆ ಬಂದರೆ ವಿಜ್ಞಾನಿಗಳಲ್ಲೇ ಜಗಳ. ಬೆಟ್ಟದ ಬದಿಯ ಬಿಸಿಗಾಳಿ ಮುಂಗಾರನ್ನು ಬೇಗ ಎಳೆದು ತರುತ್ತದೆ ಎಂದು 2006ರಲ್ಲಿ ವಿಲಿಯಂ ಲಾವ್ ತಂಡ ವಾದಿಸಿತು. ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದಿದ ವಿ. ರಾಮನಾಥನ್ ಅವರ ತಂಡ ಅದಕ್ಕೆ ಹಿಂದಿನ ವರ್ಷವೇ ಬೇರೆ ಲೆಕ್ಕ ಕೊಟ್ಟಿತ್ತು: ಮಬ್ಬಿನಡಿ ಕಡಲು ತಂಪಾಗಿ ಆವಿ ಕಡಿಮೆಯಾಗುತ್ತದೆ, ಮಳೆ ಸೊರಗುತ್ತದೆ. ಮೇ ತಿಂಗಳಿಗೆ ಒಂದು, ಜುಲೈಗೆ ಇನ್ನೊಂದು ನಿಜವಿದ್ದರೂ ನನಗೆ ಆಶ್ಚರ್ಯವಿಲ್ಲ.

ಇಂಗಾಲದ ಡೈಆಕ್ಸೈಡ್ ಶತಮಾನಗಟ್ಟಲೆ ಉಳಿದರೆ, ಮಸಿ ವಾರದ ಆಸುಪಾಸಿನಲ್ಲಿ ಗಾಳಿಯಿಂದ ಇಳಿದುಬಿಡುತ್ತದೆ. ಹೊಗೆ ನಿಂತರೆ ಫಲ ಬೇಗ ಸಿಗಬೇಕು. ತೊಡಕೆಂದರೆ ಮಸಿಯ ಜೊತೆ ಸಲ್ಫೇಟೂ ಹೋದರೆ ಅದು ತಡೆದಿದ್ದ ಬಿಸಿಲೂ ನೆಲಕ್ಕೆ ಬೀಳುತ್ತದೆ. ಮಸಿ ಹೆಚ್ಚು, ಸಲ್ಫೇಟ್ ಹುಟ್ಟಿಸುವ ಗಂಧಕ ಕಡಿಮೆ ಇರುವ ಡೀಸೆಲ್ ಎಂಜಿನ್ನು, ಸೌದೆ ಒಲೆಗಳ ಮೇಲೆ ವಿಜ್ಞಾನಿಗಳು ಮೊದಲು ಕಣ್ಣಿಡುವುದು ಅದಕ್ಕೇ.