ಅಗ್ಗದ ವೈರ್ ಬ್ಲೋವರ್ ಕೊಳ್ಳಬೇಕಾ? ಅವ್ವನ ಕಸಬರಿಗೆ ಮತ್ತು ನನ್ನ 600 ವ್ಯಾಟ್

ಇವತ್ತಿನ ವಿಷಯ ಸಣ್ಣದು, 1,449 ರೂಪಾಯಿಯದ್ದು. ಆನ್‌ಲೈನ್‌ನಲ್ಲಿ ಸಾವಿರದಿಂದ ಎರಡು ಸಾವಿರದೊಳಗೆ ಸಿಗೋ ವೈರ್ ಬ್ಲೋವರ್ ಇದೆಯಲ್ಲ, ಹೇರ್ ಡ್ರೈಯರ್‌ನ ದೊಡ್ಡಣ್ಣನ ಹಾಗೆ ಕಾಣುತ್ತೆ, ಅದನ್ನ ಅಂಗಳದ ಎಲೆ ಗುಡಿಸೋಕೆ ಅಂತ ಕೊಳ್ಳಬೇಕಾ ಬೇಡ್ವಾ? ನಾನು ಕೊಂಡೆ. ಎಂಟು ತಿಂಗಳು ಬಳಸಿದೆ. ನಡುವೆ ಒಂದು ತಪ್ಪೂ ಮಾಡಿದೆ. ಅದನ್ನೂ ಹೇಳ್ತೀನಿ.

ಮೊದಲು ಹಿನ್ನೆಲೆ. ನಾನು ಧಾರವಾಡದ ಕಡೆಯವನು. ಪುಣೆಗೆ ಬಂದು ಒಂಬತ್ತು ವರ್ಷ ಆಯ್ತು. ಹಳೇ ಬಂಗಲೆಯೊಂದರ ಕೆಳಗಿನ ಮನೆಯಲ್ಲಿ ಬಾಡಿಗೆಗೆ ಇದ್ದೀವಿ. ಮುಂದೆ ಶಹಾಬಾದ್ ಕಲ್ಲು ಹಾಕಿದ ಅಂಗಳ, ಹತ್ತಿರ ಹತ್ತಿರ 600 ಚದರ ಅಡಿ. ಒಂದು ಹೊಂಗೆ ಮರ, ಗೇಟಿನ ಹತ್ತಿರ ಒಂದು ಗುಲ್‌ಮೊಹರ್. ಮನೆ ನೋಡೋಕೆ ಬಂದಾಗ ಮರ ನೋಡಿಯೇ ಒಪ್ಪಿಕೊಂಡಿದ್ದು. ಎಲೆ ಉದುರುತ್ತೆ ಅನ್ನೋ ಲೆಕ್ಕ ಯಾರೂ ಹಾಕಿರಲಿಲ್ಲ.

ಕಳೆದ ಜನವರಿಯಲ್ಲಿ ಅವ್ವ ನಮ್ಮ ಜೊತೆ ಇರೋಕೆ ಬಂದಳು. ಅವ್ವನಿಗೆ ಮೊದಲಿಂದಲೂ ಉಬ್ಬಸ ಇದೆ, ಇನ್‌ಹೇಲರ್ ಬಳಸ್ತಾಳೆ. ಸೊಂಟನೋವೂ ಇದೆ. ಆದರೆ ಬೆಳಿಗ್ಗೆ ಆರಕ್ಕೆ ಎದ್ದು ಅಂಗಳ ಗುಡಿಸದಿದ್ದರೆ ಚಹಾ ಒಳಗೆ ಇಳಿಯೋದಿಲ್ಲ. ಮಾವಶಿ ಎಂಟಕ್ಕೆ ಬಂದು ಗುಡಿಸ್ತಾರೆ ಅಂತ ಎಷ್ಟು ಹೇಳಿದರೂ, “ಆಕಿ ಬರೂಮಟ ಮನಿ ಮುಂದ ಕಸಾ ಬಿದ್ದಿರಬೇಕೇನು?” ಅನ್ನೋದೇ ಉತ್ತರ. ಫೆಬ್ರವರಿ ಬಂತು, ಹೊಂಗೆ ತನ್ನ ಎಲೆ ಎಲ್ಲಾ ಸುರಿಯೋಕೆ ಶುರು ಮಾಡ್ತು. ಅವ್ವ ಬಗ್ಗಿ ಗುಡಿಸಿ, ಸೊಂಟ ಹಿಡ್ಕೊಂಡು ಎರಡು ದಿನ ಮಲಗಿದಳು.

ನಾವು ಎಂಜಿನಿಯರ್‌ಗಳು ಇಂಥ ಹೊತ್ತಲ್ಲಿ ಏನು ಮಾಡ್ತೀವಿ? ಏನನ್ನಾದರೂ ಆರ್ಡರ್ ಮಾಡ್ತೀವಿ. ರಾತ್ರಿ ಹನ್ನೊಂದಕ್ಕೆ ಕೂತು ಎಕ್ಸೆಲ್ ಶೀಟ್ ಮಾಡಿದೆ. ಆರು ಮಾಡೆಲ್, ವ್ಯಾಟ್, ಗಾಳಿಯ ವೇಗ, ತೂಕ, ಬೆಲೆ. ಅಮೆರಿಕಕ್ಕೆ ಆನ್‌ಸೈಟ್ ಹೋಗಿದ್ದಾಗ ಮನೆ ಮನೆ ಮುಂದೆ ಎಲೆ ಹಾರಿಸೋದು ನೋಡಿದ್ದೆ, ಅದೇ ಚಿತ್ರ ತಲೆಯಲ್ಲಿತ್ತು. 600 ವ್ಯಾಟ್‌ನದ್ದು ಒಂದು ತರಿಸಿದೆ.

ಈಗ ಡಬ್ಬದ ಮೇಲಿನ ನಂಬರ್‌ಗಳ ವಿಷಯ. ಇಲ್ಲೇ ಬಹಳ ಜನ ಮೋಸ ಹೋಗೋದು. ನನ್ನ ಡಬ್ಬದ ಮೇಲೆ ಎರಡು ನಂಬರ್ ಇತ್ತು. ನಿಮಿಷಕ್ಕೆ 3 ಘನ ಮೀಟರ್ ಗಾಳಿ, ಸೆಕೆಂಡಿಗೆ 80 ಮೀಟರ್ ವೇಗ. 80 ಮೀಟರ್ ಅಂದರೆ ಗಂಟೆಗೆ 288 ಕಿಲೋಮೀಟರ್! ಓದಿದ ತಕ್ಷಣ ಎಲೆ ಏನು, ಮರವೇ ಹಾರಿಹೋಗುತ್ತೆ ಅನ್ಸುತ್ತೆ. ಆದರೆ ವೇಗ ಒಂದೇ ಸಾಲದು. ಎಲೆಯನ್ನ ತಳ್ಳೋದು ಗಾಳಿಯ ವೇಗ ಮತ್ತು ಪ್ರಮಾಣ ಎರಡೂ ಸೇರಿ ಕೊಡೋ ಬಲ. ಸೆಕೆಂಡಿಗೆ ಎಷ್ಟು ಕೆಜಿ ಗಾಳಿ ಹೊರಗೆ ಬರುತ್ತೋ ಅದನ್ನ ವೇಗದಿಂದ ಗುಣಿಸಿದರೆ ಬಲ ನ್ಯೂಟನ್‌ನಲ್ಲಿ ಸಿಗುತ್ತೆ. ಡಬ್ಬದ ಎರಡೂ ನಂಬರ್ ಒಟ್ಟಿಗೇ ನಿಜ ಅಂತ ಇಟ್ಟುಕೊಂಡರೂ 4.8 ನ್ಯೂಟನ್, ಅಂದರೆ ಸುಮಾರು 490 ಗ್ರಾಂ ತೂಕದಷ್ಟು ಒತ್ತಡ. ಆದರೆ ಅವು ಒಟ್ಟಿಗೆ ನಿಜ ಆಗೋದು ಕಷ್ಟ. ಮೂತಿ ತೆಗೆದರೆ ಗಾಳಿ ಜಾಸ್ತಿ, ವೇಗ ಕಮ್ಮಿ. ಸಣ್ಣ ಮೂತಿ ಹಾಕಿದರೆ ವೇಗ ಜಾಸ್ತಿ, ಗಾಳಿ ಕಮ್ಮಿ.

ಇದನ್ನ ಮನೆಯಲ್ಲೇ ಅಳೀಬಹುದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಒಂದು ಅಗಲವಾದ ತಟ್ಟೆ ಇಟ್ಟು, ತಕ್ಕಡಿಯನ್ನ ಸೊನ್ನೆಗೆ ತಂದು, ಒಂದು ಅಡಿ ಮೇಲಿಂದ ಬ್ಲೋವರ್ ನೇರ ಕೆಳಗೆ ಹಿಡಿಯಿರಿ. ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತೋ ಹೆಚ್ಚು ಕಡಿಮೆ ಅದೇ ನಿಮ್ಮ ಯಂತ್ರದ ನಿಜವಾದ ಶಕ್ತಿ. ನನ್ನದು ತೋರಿಸಿದ್ದು 270 ಗ್ರಾಂ. ಡಬ್ಬದ ಲೆಕ್ಕದ ಅರ್ಧಕ್ಕಿಂತ ಸ್ವಲ್ಪ ಮೇಲೆ. ತೋಟದ ಕೆಲಸಕ್ಕೆಂದೇ ಮಾಡಿದ ಒಳ್ಳೇ ಲೀಫ್ ಬ್ಲೋವರ್‌ಗಳು 10 ನ್ಯೂಟನ್ ದಾಟ್ತವೆ, ಅಂದರೆ ಒಂದು ಕೆಜಿಗಿಂತ ಹೆಚ್ಚು. ನನ್ನದು ಅದರ ಕಾಲು ಭಾಗ. ಅಮೆರಿಕದಲ್ಲಿ ನೋಡಿದ್ದ ಯಂತ್ರಕ್ಕೂ ನನ್ನ ಕೈಯಲ್ಲಿದ್ದ ಯಂತ್ರಕ್ಕೂ ಹೆಸರು ಮಾತ್ರ ಒಂದೇ.

ಮೊದಲ ಶನಿವಾರ ನಾನು ಹೀರೋ. ಕಿಟಕಿಯ ಸೊಳ್ಳೆ ಜಾಲರಿಯನ್ನ ಬಿಚ್ಚಿ ಅಂಗಳಕ್ಕೆ ತಂದು ಊದಿದೆ, ಎರಡು ನಿಮಿಷದಲ್ಲಿ ಹೊಸದಾಯ್ತು. ಕಾರು ತೊಳೆದ ಮೇಲೆ ಕನ್ನಡಿ, ಹಿಡಿಕೆ ಸಂದಿಯಲ್ಲಿ ನಿಲ್ಲೋ ನೀರು ಒಂದೇ ಸಲಕ್ಕೆ ಆಚೆ. ಕಂಪ್ಯೂಟರ್ ಕ್ಯಾಬಿನೆಟ್ ಒಳಗಿನ ಮೂರು ವರ್ಷದ ಧೂಳೂ ಹೋಯ್ತು. ಇಲ್ಲಿ ಒಂದು ಎಚ್ಚರಿಕೆ. ಪ್ಲಗ್ ತೆಗೆದು, ಕ್ಯಾಬಿನೆಟ್ಟನ್ನ ಹೊರಗೆ ತಂದು, ಫ್ಯಾನ್ ರೆಕ್ಕೆಯನ್ನ ಬೆರಳಲ್ಲಿ ಹಿಡಿದುಕೊಂಡೇ ಊದಬೇಕು. ಇಲ್ಲದಿದ್ದರೆ ಫ್ಯಾನ್ ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತೆ, ಅದೇ ಜನರೇಟರ್ ಥರ ಬೋರ್ಡಿಗೆ ವೋಲ್ಟೇಜ್ ಕಳಿಸಬಹುದು.

ಭಾನುವಾರ ಬೆಳಿಗ್ಗೆ ಅಂಗಳಕ್ಕೆ ಇಳಿದೆ. ಯಂತ್ರದ ಜೊತೆ ಬಂದ ವೈರ್ ಒಂದೂವರೆ ಮೀಟರ್. ಅಷ್ಟರಲ್ಲಿ ಬಾಗಿಲು ದಾಟೋಕೂ ಆಗೋದಿಲ್ಲ. 20 ಮೀಟರ್ ಎಕ್ಸ್‌ಟೆನ್ಷನ್ ತಂದೆ. ಉದ್ದ ವೈರ್ ಹಾಕಿದರೆ ಪವರ್ ಇಳಿಯುತ್ತೆ ಅಂತ ಬಹಳ ಜನ ಹೆದರಿಸ್ತಾರೆ. ಲೆಕ್ಕ ಹಾಕಿದೆ. 0.75 ಚದರ ಮಿಲಿಮೀಟರ್ ತಾಮ್ರದ ವೈರ್‌ನಲ್ಲಿ ಹೋಗಿ ಬರೋ 40 ಮೀಟರ್‌ಗೆ ಸುಮಾರು 1 ಓಮ್. 600 ವ್ಯಾಟ್‌ಗೆ 2.6 ಆಂಪಿಯರ್. ಕಡಿಮೆಯಾಗೋದು ಮೂರು ವೋಲ್ಟ್ ಕೂಡ ಅಲ್ಲ. ಹಾಗಾಗಿ ಈ ಗಾತ್ರದ ಯಂತ್ರಕ್ಕೆ ಅದು ಸಮಸ್ಯೆಯೇ ಅಲ್ಲ. ನಿಜವಾದ ಸಮಸ್ಯೆ ಬೇರೆ. ವೈರ್ ಕಾಲಿಗೆ ಸುತ್ತಿಕೊಳ್ಳುತ್ತೆ, ಹೂವಿನ ಕುಂಡ ಬೀಳಿಸುತ್ತೆ, ಜಾಯಿಂಟ್ ನೆಲದ ನೀರಲ್ಲಿ ಕೂರುತ್ತೆ. ನಿಮ್ಮ ಮನೆಯಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇಲ್ಲ ಅಂದರೆ, ಜನ ಇಎಲ್‌ಸಿಬಿ ಅಂತಾರಲ್ಲ ಅದು, ಮೊದಲು ಅದಕ್ಕೆ ದುಡ್ಡು ಹಾಕಿ. ಬ್ಲೋವರ್ ಆಮೇಲೆ.

ಶುರು ಮಾಡಿದೆ. ಒಣಗಿದ ಹೊಂಗೆ ಎಲೆಗಳು ಚೆನ್ನಾಗೇ ಓಡಿದವು, ಖುಷಿಯಾಯ್ತು. ಗುಲ್‌ಮೊಹರ್ ಎಲೆ ನಿಮಗೆ ಗೊತ್ತು, ಕೊತ್ತಂಬರಿ ಸಣ್ಣಗೆ ಹೆಚ್ಚಿದ ಹಾಗೆ. ಅವು ಕಲ್ಲಿನ ಸಂದಿಯಿಂದ ಏಳಲೇ ಇಲ್ಲ. ಮೂಲೆಗೆ ಹೋದ ಎಲೆ ಗೋಡೆಗೆ ತಾಗಿ ಸುತ್ತು ಹಾಕಿ ನನ್ನ ಹತ್ತಿರವೇ ವಾಪಸ್ ಬಂತು. ಆದರೆ ಎಲೆಗಿಂತ ಮೊದಲು ಎದ್ದಿದ್ದು ಧೂಳು. ಅಂಗಳದ ತುಂಬ ಕಂದು ಮೋಡ. ಪಕ್ಕದ ಮನೆಯ ಕಾಕು ಒಣಗೋಕೆ ಹಾಕಿದ್ದ ಬೆಡ್‌ಶೀಟ್ ತೆಗೆದು ಒಳಗೆ ಹೋದರು. ಬಾಗಿಲು ಹಾಕಿದ ರೀತಿಯಲ್ಲೇ ಅವರು ಹೇಳಬೇಕಾದ್ದೆಲ್ಲ ಹೇಳಿದರು. ಅವ್ವ ಅಡುಗೆಮನೆ ಕಿಟಕಿ ಹತ್ತಿರ ನಿಂತು ನೋಡ್ತಿದ್ದಳು. ಯಂತ್ರ ನಿಲ್ಲಿಸಿದಾಗ ಅವಳು ಹೇಳಿದ್ದು ಒಂದೇ ಮಾತು. “ಯಪ್ಪಾ, ಕಸಾ ಎಲ್ಲೂ ಹೋಗಲಿಲ್ಲಲ್ಲೋ, ಬರೇ ಜಾಗಾ ಬದಲಾತು.”

ನಾನು ನಕ್ಕೆ. ಅವಳು ನಗೋಕೆ ಹೋಗಿ ಕೆಮ್ಮಿದಳು.

ಮಧ್ಯಾಹ್ನದ ಹೊತ್ತಿಗೆ ಉಸಿರಿನಲ್ಲಿ ಸಿಳ್ಳೆ ಕೇಳಿಸ್ತು. ಇನ್‌ಹೇಲರ್ ತಗೊಂಡಳು, ಹತೋಟಿಗೆ ಬರಲಿಲ್ಲ. ಸಂಜೆ ಹತ್ತಿರದ ಕ್ಲಿನಿಕ್‌ಗೆ ಕರ್ಕೊಂಡು ಹೋಗಿ ನೆಬುಲೈಸರ್ ಹಾಕಿಸಿದ್ವಿ. ಡಾಕ್ಟರ್ ಹಿಂದಿಯಲ್ಲಿ ಕೇಳಿದರು, ಇವತ್ತು ಧೂಳಲ್ಲಿ ಏನಾದರೂ ಇದ್ರಾ ಅಂತ. ನಾನು ಬಾಯಿ ತೆರೆಯೋ ಮೊದಲೇ ಅವ್ವ ಮಾಸ್ಕ್ ಸರಿಸಿ ನನಗೆ ಹೇಳಿದಳು, “ಏನಿಲ್ಲ, ಹವಾ ಬದಲಾಗೇತಿ ಅಂತ ಹೇಳು.” ನಾನು ಹಾಗೇ ಅನುವಾದ ಮಾಡಿ ಹೇಳಿದೆ. ಇದೇ ನಾನು ಆಗ ಹೇಳಿದ ತಪ್ಪು. ಬ್ಲೋವರ್ ಕೊಂಡಿದ್ದು ತಪ್ಪಲ್ಲ, ಗೊತ್ತಿಲ್ಲದೆ ಊದಿದ್ದೂ ಹೋಗಲಿ. ಕಾರಣ ಗೊತ್ತಿದ್ದೂ ಡಾಕ್ಟರ್ ಮುಂದೆ ಅವ್ವನ ಸೆರಗಿನ ಹಿಂದೆ ನಿಂತೆ. ಎರಡು ದಿನ ಬಿಟ್ಟು ಮತ್ತೆ ತೋರಿಸೋಕೆ ಹೋದಾಗ ಇದ್ದಿದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಬರೆದುಕೊಂಡರು ಅಷ್ಟೆ.

ಆ ರಾತ್ರಿ ಮತ್ತೆ ಲೆಕ್ಕಕ್ಕೆ ಕೂತೆ. ಈ ಸಲ ಎಕ್ಸೆಲ್ ಅಲ್ಲ, ಕಾಲೇಜಲ್ಲಿ ಕಲಿತ ಸ್ಟೋಕ್ಸ್ ನಿಯಮ. 10 ಮೈಕ್ರಾನ್ ಗಾತ್ರದ ಮಣ್ಣಿನ ಕಣ, ಗಾಳಿ ಪೂರ್ತಿ ನಿಂತಿದ್ದರೂ, ಒಂದೂವರೆ ಮೀಟರ್ ಎತ್ತರದಿಂದ ಅಂದರೆ ಮೂಗಿನ ಮಟ್ಟದಿಂದ ನೆಲಕ್ಕೆ ಬರೋಕೆ ಮೂರು ನಿಮಿಷದ ಮೇಲೆ ಬೇಕು. 2.5 ಮೈಕ್ರಾನ್ ಕಣಕ್ಕೆ ಹತ್ತಿರ ಹತ್ತಿರ ಒಂದು ಗಂಟೆ. ಶ್ವಾಸಕೋಶದ ಆಳಕ್ಕೆ ಇಳಿಯೋದು ಈ ಎರಡನೇದು. ಅಂದರೆ ನಾನು ಯಂತ್ರ ಆಫ್ ಮಾಡಿ, ಅಂಗಳ ಎಷ್ಟು ಚೊಕ್ಕಟ ಆಯ್ತು ಅಂತ ನಿಂತು ನೋಡ್ತಿದ್ದಾಗಲೂ ಕಸ ಗಾಳಿಯಲ್ಲೇ ಇತ್ತು. ಕಣ್ಣಿಗೆ ಕಾಣ್ತಿರಲಿಲ್ಲ ಅಷ್ಟೆ.

ಅವ್ವ ಗುಡಿಸೋದನ್ನ ಆಮೇಲೆ ಸರಿಯಾಗಿ ಗಮನಿಸಿದೆ. ಮೊದಲು ತಂಬಿಗೆಯಲ್ಲಿ ನೀರು ತಗೊಂಡು ಕೈಯಿಂದ ಹಗೂರಕೆ ಚಿಮುಕಿಸ್ತಾಳೆ. ಆಮೇಲೆ ಕಡ್ಡಿ ಕಸಬರಿಗೆ ನೆಲಕ್ಕೆ ಹತ್ತಿಸಿ ಎಳೀತಾಳೆ. ಊರಲ್ಲಿ ಮಣ್ಣಿನ ಅಂಗಳಕ್ಕೆ ಮಾಡ್ತಿದ್ದ ಅಭ್ಯಾಸ. ನಾನು ಅದನ್ನ ಶಾಸ್ತ್ರ ಅಂದುಕೊಂಡಿದ್ದೆ. ಉಬ್ಬಸ ಇರೋ ಹೆಂಗಸು ಇಷ್ಟು ವರ್ಷ ದಿನಾ ಗುಡಿಸಿಯೂ ಉಸಿರಾಡ್ತಿದ್ದಾಳೆ ಅಂದರೆ ಅದಕ್ಕೆ ಆ ತಂಬಿಗೆ ನೀರಿನ ಪಾಲೂ ಇರಬೇಕು. ಬ್ಲೋವರ್‌ಗೆ ಈ ಉಪಾಯ ನಡೆಯೋದಿಲ್ಲ. ನೆಲ ಒದ್ದೆಯಾದರೆ ಎಲೆ ಕಲ್ಲಿಗೆ ಅಂಟಿಕೊಂಡು ಏಳೋದಿಲ್ಲ. ಇದೇ ಕಾರಣಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅಂಗಳ ಜಾರೋ ಕಾಲದಲ್ಲಿ, ನನ್ನ ಬ್ಲೋವರ್ ಕಪಾಟಿನಲ್ಲೇ ಇತ್ತು. ಒಣಗಿದ್ದರೆ ಧೂಳು, ಒದ್ದೆಯಾದರೆ ಉಪಯೋಗವಿಲ್ಲ.

ಸಮಯ ಉಳಿಯುತ್ತಾ ಅಂತಲೂ ನೋಡಿದೆ. ಕಸಬರಿಗೆಯಲ್ಲಿ ನಾನು ಗುಡಿಸಿದರೆ 14 ನಿಮಿಷ. ಬ್ಲೋವರ್‌ನಲ್ಲಿ ಊದೋಕೆ 11, ವೈರ್ ಬಿಚ್ಚಿ ಸುತ್ತೋಕೆ 4, ರಾಶಿಯನ್ನ ಬುಟ್ಟಿಗೆ ತುಂಬೋಕೆ 6. ಒಟ್ಟು 21. ಕರೆಂಟ್ ಖರ್ಚು ಏನೂ ಅಲ್ಲ, ಹತ್ತು ನಿಮಿಷಕ್ಕೆ 0.1 ಯೂನಿಟ್. ಆದರೆ ಸದ್ದು? ಫೋನ್ ಆ್ಯಪ್‌ನಲ್ಲಿ ಕಿವಿ ಹತ್ತಿರ 92 ಡೆಸಿಬಲ್ ತೋರಿಸ್ತು. ಆ್ಯಪ್ ಅಷ್ಟು ನಿಖರ ಅಲ್ಲ, ಒಪ್ಪಿಕೊಳ್ಳೋಣ. ಆದರೆ ನಮ್ಮ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55. ಭಾನುವಾರ ಬೆಳಿಗ್ಗೆ ಏಳಕ್ಕೆ ಇದನ್ನ ಓಡಿಸಿ ಪಕ್ಕದ ಮನೆಯವರ ಜೊತೆ ಚೆನ್ನಾಗಿರೋದು ಕಷ್ಟ.

ಹಾಗಾದರೆ ಕೊಳ್ಳಬೇಕಾ? ನೇರವಾಗಿ ಹೇಳ್ತೀನಿ.

ನೀವು ಫ್ಲ್ಯಾಟ್‌ನಲ್ಲಿದ್ದು ಕಾರು, ಬೈಕು, ಸೊಳ್ಳೆ ಜಾಲರಿ, ಕಂಪ್ಯೂಟರ್‌ಗೆ ಅಂತ ನೋಡ್ತಿದ್ದರೆ ಕೊಳ್ಳಿ. ಆ ದುಡ್ಡಿಗೆ ಒಳ್ಳೇ ಸಾಮಾನು. ಡಬಲ್ ಇನ್ಸುಲೇಷನ್ ಗುರುತು, ಅಂದರೆ ಚೌಕದೊಳಗೆ ಚೌಕ, ಇದೆಯಾ ನೋಡಿ. ಕಾರ್ಬನ್ ಬ್ರಷ್ ಹೊರಗಿಂದಲೇ ಬದಲಾಯಿಸೋ ಹಾಗಿದೆಯಾ ನೋಡಿ, ಈ ಮೋಟರ್‌ಗಳಲ್ಲಿ ಸವೆಯೋದು ಅದೇ. ಹತ್ತು ನಿಮಿಷ ಓಡಿಸಿ, ಹತ್ತು ನಿಮಿಷ ಆರೋಕೆ ಬಿಡಿ. ಗಾಳಿ ಎಳೆಯೋ ಬದಿಗೆ ದುಪಟ್ಟಾ, ಸೆರಗು, ಉದ್ದ ಕೂದಲು ಹೋಗಬಾರದು. ಮಾಸ್ಕ್ ಹಾಕಿ. ಮನೆಯೊಳಗೆ ಮಾತ್ರ ಊದಬೇಡಿ. ಒಳಗಿನ ಧೂಳಿಗೆ ವ್ಯಾಕ್ಯೂಮ್ ಅಥವಾ ಒದ್ದೆ ಬಟ್ಟೆ.

ಅಂಗಳದ ಎಲೆಗೆ ಅಂತಾದರೆ ಬೇಡ. ಸಾವಿರ ಚದರ ಅಡಿಯೊಳಗಿನ ಜಾಗಕ್ಕೆ ಕಸಬರಿಗೆಯೇ ಬೇಗ. ದೊಡ್ಡ ಜಾಗ ಇದ್ದರೆ ಈ ಯಂತ್ರಕ್ಕೆ ದಮ್ಮಿಲ್ಲ. ಮನೆಯಲ್ಲಾಗಲಿ ಪಕ್ಕದಲ್ಲಾಗಲಿ ಉಬ್ಬಸದವರು, ಚಿಕ್ಕ ಮಕ್ಕಳು ಇದ್ದರೆ ಲೆಕ್ಕವೇ ಹಾಕಬೇಡಿ, ಬೇಡ ಅಂದರೆ ಬೇಡ.

ನಾವು ಕೊನೆಗೆ ಮಾಡಿದ್ದು ಇಷ್ಟು. ಪುಣೆಯ ರಸ್ತೆ ಗುಡಿಸೋರ ಹತ್ತಿರ ಉದ್ದ ಬಿದಿರಿನ ಹಿಡಿಯ ಖರಾಟಾ ನೋಡಿರ್ತೀರಿ. ಅಂಥದ್ದೊಂದು 150 ರೂಪಾಯಿಗೆ ತಂದೆ. ಬಗ್ಗೋ ಪ್ರಶ್ನೆಯೇ ಇಲ್ಲ. ಎಲೆಯನ್ನ ಜಾಲರಿಯ ಗೂಡಿನಲ್ಲಿ ಗೊಬ್ಬರಕ್ಕೆ ಹಾಕ್ತೀವಿ. ಎಲೆ ಸುಡಬೇಡಿ, ಘನತ್ಯಾಜ್ಯ ನಿಯಮದ ಪ್ರಕಾರವೂ ಅದು ತಪ್ಪು. ಪುಣೆಯಲ್ಲಿರೋರಿಗೆ ಇನ್ನೊಂದು ದಾರಿ, ಬ್ರೌನ್ ಲೀಫ್ ಅನ್ನೋ ನಾಗರಿಕರ ಬಳಗ ಒಣ ಎಲೆಯನ್ನ ಬೇಕಾದವರಿಗೆ ಮುಟ್ಟಿಸೋ ಕೆಲಸ ಮಾಡುತ್ತೆ.

ಇನ್ನೊಂದು ಬದಲಾವಣೆ. ಬೆಳಿಗ್ಗೆ ಆರಕ್ಕೆ ಈಗ ನಾನೂ ಏಳ್ತೀನಿ. ಅವ್ವ ನೀರು ಚಿಮುಕಿಸ್ತಾಳೆ, ನಾನು ಗುಡಿಸ್ತೀನಿ. 14 ನಿಮಿಷ. ಸ್ಟ್ಯಾಂಡ್‌ಅಪ್ ಮೀಟಿಂಗ್‌ಗಿಂತ ಕಮ್ಮಿ. ಮೂಲೆ ಬಿಟ್ಟೆ ಅಂತ ದಿನಾ ಒಂದು ತಪ್ಪು ತೋರಿಸ್ತಾಳೆ. ಅವಳಿಗೆ ಬೇಕಾಗಿದ್ದು ಯಂತ್ರ ಅಲ್ಲ ಅಂತ ಮೊದಲೇ ಒಂದು ಸಲ ಕೇಳಿದ್ದರೆ ಗೊತ್ತಾಗ್ತಿತ್ತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಅನುಕೂಲ ಆಗಲಿ ಅಂತ ಏನಾದರೂ ಕೊಳ್ಳೋ ಮುಂಚೆ, ಅವರು ಆ ಕೆಲಸ ಹೇಗೆ ಮಾಡ್ತಾರೆ ಅಂತ ಒಂದು ದಿನ ಪಕ್ಕದಲ್ಲಿ ನಿಂತು ನೋಡಿ. ರಿವ್ಯೂ ಓದೋದು ಆಮೇಲೆ.

ಬ್ಲೋವರ್ ಇನ್ನೂ ಇದೆ, ಕಾರು ತೊಳೆದಾಗ ತೆಗೀತೀನಿ. ಆಗ ಅವ್ವ ಕಿಟಕಿ ಹಾಕ್ಕೋತಾಳೆ.